ನನ್ನದೆಂದರೆ ಏಳುವ ಮಣ್ಣು

ನಮ್ಮೂರೆಂದರೆ ಇಷ್ಟೇ. ಮೇಲೆ ಗುಡ್ಡ, ನಡುವೆ ಹಳ್ಳ, ಕೆಳಗೆ ಕೆರೆ, ಕೆರೆಯ ಏರಿಯ ಹಿಂದೆ ನಾವು. ಗುಡ್ಡದ ಮೇಲೆ ಬಿದ್ದ ಮಳೆ ಹಳ್ಳ ಹಿಡಿದು ಕೆರೆಗೆ ಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಒಂದಿಷ್ಟು ಮಣ್ಣನ್ನೂ ಕರೆದುಕೊಂಡು ಬರುತ್ತದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಗುಡ್ಡದ ಮಣ್ಣಿನ ಕತೆಯೂ ಅದೇ. ಇದು ಎಲ್ಲ ಊರಿನಲ್ಲೂ ನಡೆಯುವ ಸಂಗತಿ. ನಮ್ಮೂರಿನ ವಿಚಿತ್ರ ಅದಾದ ಮೇಲೆ ಶುರುವಾಗುತ್ತದೆ.

ನಮ್ಮ ಕೆರೆಯಲ್ಲಿ ಕೂತ ಹೂಳು ಯಾರ ಕೈಗೆಂದರೆ ಅವರ ಕೈಗೆ ಏಳುವುದಿಲ್ಲ. ಯಾರ ನೆಲದಿಂದ ಹೊರಟು ಬಂದಿತೋ ಅವರೇ ಇಳಿದು ಬರಬೇಕು. ಬಂದು, ಕೈಯನ್ನು ಹೂಳಿನೊಳಗೆ ಮೊಣಕೈವರೆಗೆ ಇಳಿಸಿ, 'ನನ್ನದು' ಎನ್ನಬೇಕು. ಅಂದೊಡನೆ ಅದು ಅರಳೆಯ ಹಾಗೆ ಹಗುರಾಗಿ ಎದ್ದು ಮಂಕರಿ ಸೇರುತ್ತದೆ. ಬೇರೆಯವರು ಎತ್ತಲು ಹೋದರೆ ಗುದ್ದಲಿ ಮುರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಒಂದು ಹಿಡಿ ಮಣ್ಣು ಅಲುಗುವುದಿಲ್ಲ. ಏಕೆ ಹೀಗೆ ಎಂದು ನಾವು ಕೇಳಿದವರಲ್ಲ. ಬೆಂಕಿ ಏಕೆ ಸುಡುತ್ತದೆ ಎಂದು ಕೇಳುತ್ತೇವೆಯೇ?

ಹಾಗಾಗಿ ಮುಂಗಾರಿಗೆ ಮೊದಲು, ಕೆರೆಯ ನೀರು ನಡುವಿನ ಗುಂಡಿಗೆ ಇಳಿದಾಗ, ಮಣ್ಣು ಕರೆಯುವ ದಿನ ಬರುತ್ತಿತ್ತು. ಮನೆಮನೆಯವರೂ ತಲೆಗೆ ಸಿಂಬಿ, ಸೊಂಟಕ್ಕೆ ಮಂಕರಿ ಇಟ್ಟುಕೊಂಡು ಇಳಿಯುತ್ತಿದ್ದರು. ಗಂಡಸರು ಪಂಚೆ ಮೇಲೆ ಕಟ್ಟಿ, ಹೆಂಗಸರು ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ಕೆಸರಿನಲ್ಲಿ ಸಾಲಾಗಿ ಕೂರುತ್ತಿದ್ದರು. ನನ್ನದು, ನನ್ನದು, ನನ್ನದು ಎಂಬ ಸದ್ದು ಕೆರೆಯಂಗಳದ ತುಂಬ ಏಳುತ್ತಿತ್ತು. ಎದ್ದ ಮಣ್ಣನ್ನು ಹೊತ್ತು ಮೇಲೆ ಹೋಗಿ ತಂತಮ್ಮ ಬದುವಿಗೆ, ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಹೊತ್ತು ಹೊತ್ತು ಕತ್ತು ನೋಯುತ್ತಿದ್ದುದರಿಂದ ಮುಂದಿನ ಮಳೆಗೆ ಮಣ್ಣು ಹೋಗದಂತೆ ಬದುವಿನ ಉದ್ದಕ್ಕೂ ಲಾವಂಚ ನೆಡುತ್ತಿದ್ದರು. ನೋವಿನಿಂದ ಬಂದ ಬುದ್ಧಿ ಅದು, ಪುಸ್ತಕದಿಂದ ಬಂದದ್ದಲ್ಲ.

ಹೀಗಿದ್ದ ಊರಿಗೆ ಗುಡ್ಡ ಕಡಿಯುವ ಕಾಲ ಬಂತು.

ಗುಡ್ಡ ಕಡಿದವನು ಹೊರಗಿನವನಲ್ಲ, ನಮ್ಮವನೇ. ಗುಡ್ಡದ ಬಹುಪಾಲು ಅವನ ಅಪ್ಪನದಾಗಿತ್ತು. ಅವನನ್ನು ಎಲ್ಲರೂ ಗುಡ್ಡದ ಯಜಮಾನ ಎನ್ನುತ್ತಿದ್ದರು. ಅವನಿಗೊಬ್ಬಳು ತಂಗಿ. ಅವಳನ್ನು ನಮ್ಮ ಕೆಳಗೇರಿಯ ನೀರುಗಂಟಿಯ ಮನೆಗೆ ಕೊಟ್ಟಿದ್ದರು. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗಳಿಗೆ ನೀರು ಹಂಚುವುದು ನೀರುಗಂಟಿಯ ಕೆಲಸ. ಗಂಡ ಹೋದ ಮೇಲೆ ಆ ಕೆಲಸ ಅವಳಿಗೇ ಬಂತು. ಅದರ ಜೊತೆ ಒಂದು ಕಟ್ಟುಪಾಡೂ ಬಂತು: ಕೆರೆ ತುಂಬಿ ನೀರು ಏರಿಯ ಕುತ್ತಿಗೆಗೆ ಬಂದಾಗ ನೀರುಗಂಟಿ ಏರಿ ಬಿಟ್ಟು ಇಳಿಯುವಂತಿಲ್ಲ. ಏರಿ ಉಳಿದರೆ ಅವಳು ಉಳಿದಳು, ಏರಿ ಹೋದರೆ ಅವಳು ಮೊದಲು ಹೋದಳು.

ಯಜಮಾನ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ. ಕಡಿದ ಮೆಟ್ಟಿಲುಗಳನ್ನು ಸೈಟು ಮಾಡಿದ. ಹುಲ್ಲು ಕಿತ್ತ, ಲಾವಂಚ ಕಿತ್ತ, ನೋಡಲು ಚೊಕ್ಕಟವಾಗಿರಲಿ ಎಂದ. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಹಾದಿ ಸುಮ್ಮನೆ ಖಾಲಿ ಬಿದ್ದಿದೆಯೆಂದು ಅದರ ಮೇಲೆ ಅಂಗಡಿ ಸಾಲು ಎಬ್ಬಿಸಿದ. ಆ ಅಂಗಡಿಗಳಲ್ಲಿ ನಾವೂ ಉಪ್ಪು, ಬೆಲ್ಲ ಕೊಂಡೆವು, ಸುಳ್ಳೇಕೆ ಹೇಳಲಿ. ಸೈಟು ಕೊಂಡವರು ದೂರದಿಂದ ಬಂದರು, ಬಿಳಿ ಗೋಡೆಯ ಮನೆ ಕಟ್ಟಿದರು, ಅಂಗಳಕ್ಕೆಲ್ಲ ಸಿಮೆಂಟು ಬಳಿದರು. ಗುಡ್ಡದ ನೆತ್ತಿಯಲ್ಲಿ, ಊರಿಗೆಲ್ಲ ಕಾಣುವಂತೆ, ಯಜಮಾನ ತನ್ನ ಮನೆ ಕಟ್ಟಿದ.

ಆ ನೆತ್ತಿಯ ಕತೆಯನ್ನು ಇಲ್ಲಿಯೇ ಹೇಳಬೇಕು. ಅದು ಅಪ್ಪ ಮಗಳಿಗೆಂದು ಇಟ್ಟಿದ್ದ ಪಾಲು. ಅವಳ ಗಂಡ ಇನ್ನೂ ಇದ್ದಾಗಲೇ, ಅಪ್ಪನ ತಿಥಿ ಮುಗಿದ ಮಾರನೆಯ ದಿನ ಅಣ್ಣ ತಂಗಿಯ ಮನೆಗೆ ಹೋದ. ಒಂದು ಸೀರೆ, ಅರಿಶಿನ ಕುಂಕುಮ, ಬಾಳೆಹಣ್ಣು ತಟ್ಟೆಯಲ್ಲಿಟ್ಟು, 'ಆ ಮುಳ್ಳುಗುಡ್ಡದ ನೆತ್ತಿ ಇಟ್ಕೊಂಡು ನೀನೇನ್ ಮಾಡ್ತೀಯವ್ವ, ತವರು ಬಾಗಿಲು ತೆರೆದಿರ್ಲಿ ಅನ್ನೋದಾದ್ರೆ ಬಿಟ್ಟುಬಿಡು' ಎಂದ. ಅವಳು ತಟ್ಟೆಯನ್ನು ನೋಡಿದಳು. ಹೊರಗೆ ನೆರೆಯವರು ನಿಂತಿದ್ದರು. 'ಆಗ್ಲಣ್ಣ' ಎಂದಳು. ನಮ್ಮೂರಿನ ಹೆಣ್ಣುಮಕ್ಕಳು ಹಾಗೆಯೇ ಅನ್ನುತ್ತಾರೆ. ಅಲ್ಲಿಗೆ ನೆತ್ತಿ ಅಣ್ಣನದಾಯಿತು ಎಂದು ಅವನು ತಿಳಿದ, ಅವಳು ತಿಳಿದಳು, ಊರೂ ತಿಳಿಯಿತು.

ಮಳೆ ಬಂತು. ಕಡಿದ ಗುಡ್ಡದಿಂದ ಮಣ್ಣು ಹಿಂದೆಂದೂ ಇಲ್ಲದಂತೆ ಇಳಿಯಿತು. ಹಳ್ಳ ಹಾಲು ಕಾಯಿಸಿದಂತೆ ಬೆಳ್ಳಗೆ ಉಕ್ಕಿತು, ಏಕೆಂದರೆ ನಮ್ಮ ಗುಡ್ಡದ ಮೈಯೆಲ್ಲ ಬಿಳಿ ಜೇಡಿ, ನೆತ್ತಿ ಮಾತ್ರ ಕೆಮ್ಮಣ್ಣು. ಮುಂದಿನ ಬೇಸಿಗೆಗೆ ಕೆರೆಯಲ್ಲಿ ಆನೆ ಮುಳುಗುವ ಜಾಗದಲ್ಲಿ ಎಮ್ಮೆ ಮಲಗಿತ್ತು. ಮಣ್ಣು ಕರೆಯುವ ದಿನ ನಾವು ಇಳಿದು ನಮ್ಮನಮ್ಮ ಹಿಡಿ ಮಣ್ಣು ಎತ್ತಿಕೊಂಡೆವು. ಉಳಿದ ಬಿಳಿ ರಾಶಿ ಹಾಗೆಯೇ ಇತ್ತು. ಮೇಲಿನವರು ಬಂದಿರಲಿಲ್ಲ.

ನೀರುಗಂಟಿ ಗುಡ್ಡ ಹತ್ತಿ ಮನೆಮನೆಯ ಬಾಗಿಲು ತಟ್ಟಿದಳು.

'ಬನ್ನಿ ಸ್ವಾಮಿ, ನಿಮ್ಮ ಮಣ್ಣು ಕೆಳಗೆ ಬಂದು ಕೂತೈತೆ.'

'ನಾವು ಸೈಟು ತಗೊಂಡಿದ್ದು ಮನೆ ಕಟ್ಟೋಕೆ ಕಣಮ್ಮ, ಮಣ್ಣು ಹೊರೋಕಲ್ಲ. ಕೂಲಿಯವ್ರನ್ನ ಕಳಿಸ್ತೀವಿ, ಹೋಗು.'

ಕೂಲಿಯವರು ಬಂದರು. ಗುದ್ದಲಿಗಳು ಮುರಿದವು. ಅವರು ಹೆದರಿ ಮುರಿದ ಕಾವುಗಳನ್ನು ಹೆಗಲ ಮೇಲಿಟ್ಟುಕೊಂಡು ಹೋದರು.

ಹೂಳು ತೂಬಿನ ಹತ್ತಿರ ತೆವಳಿ ಬರುತ್ತಿತ್ತು. ತೂಬೆಂದರೆ ಏರಿಯ ಒಳಮಗ್ಗುಲಲ್ಲಿ, ಎರಡು ಕಲ್ಲುಕಂಬದ ನಡುವೆ, ತಳದಲ್ಲಿರುವ ಬಾಯಿ. ಅದಕ್ಕೊಂದು ಮರದ ಬಿರಡೆ. ಬಿರಡೆ ಕಿತ್ತರೆ ನೀರು ಏರಿಯ ಅಡಿಯಿಂದ ಗದ್ದೆಗೆ ಹರಿಯುತ್ತದೆ. ಕೋಡಿ ಮುಚ್ಚಿದ ಮೇಲೆ ಕೆರೆಗೆ ಉಳಿದದ್ದು ಆ ಒಂದು ಬಾಯಿ. ಅದರ ಮೇಲೂ ಹೂಳು ಕೂತರೆ, ದೊಡ್ಡ ಮಳೆಯ ದಿನ ಏರಿ ಒಡೆಯುತ್ತದೆ, ಕೆಳಗೇರಿ ಕೊಚ್ಚಿಹೋಗುತ್ತದೆ. ಇದು ಮಗುವಿಗೂ ಗೊತ್ತಿತ್ತು. ನೀರುಗಂಟಿಗಂತೂ ತಾನು ನಿಲ್ಲಬೇಕಾದ ಜಾಗ ಯಾವುದೆಂದು ಇನ್ನೂ ಚೆನ್ನಾಗಿ ಗೊತ್ತಿತ್ತು.

ಊರು ಅರಳೀಕಟ್ಟೆಯಲ್ಲಿ ಕೂಡಿತು. ಮೇಲಿನವರೂ ಬಂದರು, ಚಪ್ಪಲಿ ಬಿಡದೆ ನಿಂತರು. ಗುಡ್ಡದ ಯಜಮಾನ ನಗುನಗುತ್ತ ಎದ್ದ. ಅವನ ತಲೆ ಎಂದೂ ಸುಮ್ಮನೆ ಕೂತದ್ದಲ್ಲ.

'ಮಣ್ಣು ಒಡೆಯನ ಕೈಗೇ ಏಳ್ತದೆ ಅಂತ ತಾನೆ ತಕರಾರು? ಒಡೆಯನೇ ಇಲ್ದಂಗೆ ಮಾಡಿಬಿಡಾನ. ಎಲ್ರೂ ಕೆರೆಗಿಳಿದು, ನೀರು ಮುಟ್ಟಿ, ನನ್ನದಲ್ಲ ಅಂದುಬಿಡ್ಲಿ. ಬೀದಿ ಮಣ್ಣಾಗ್ತದೆ. ಬೀದಿ ಮಣ್ಣನ್ನ ಯಾರಾದ್ರೂ ಎತ್ತಬಹುದಲ್ಲ?'

ಎಂಥ ಉಪಾಯ! ಮೇಲಿನವರು ಚಪ್ಪಾಳೆ ತಟ್ಟಿದರು. ನಮ್ಮಲ್ಲೂ ಕೆಲವರು ತಟ್ಟಿದರು. ಕಟ್ಟೆಯ ಕೆಳಗೆ ಒಬ್ಬಳೇ ನಿಂತಿದ್ದ ನೀರುಗಂಟಿ ಅಣ್ಣನ ಮುಖವನ್ನೇ ನೋಡುತ್ತಿದ್ದಳು.

'ಅಣ್ಣ, ಮಣ್ಣಿಗೆ ಹಂಗನ್ನಬ್ಯಾಡ. ಕೆಳಗಿನ ಮಣ್ಣು ಬೇರೆ, ಮನೆ ಅಡಿ ಮಣ್ಣು ಬೇರೆ ಅಂತ ಅದಕ್ಕೇನ್ ಗೊತ್ತು?'

'ನೀ ತೂಬು ನೋಡ್ಕೊ ತಂಗಿ. ಇದು ಗಂಡಸರ ಮಾತು.'

ನಮ್ಮ ಪಾಲು ಎತ್ತಿಯಾಗಿತ್ತು, ಮೇಲಿನವರೆಲ್ಲ ಕೆರೆಗೆ ಇಳಿದರು. ಒಬ್ಬೊಬ್ಬರಾಗಿ ಬಾಗಿ, ಬೆರಳತುದಿಯಿಂದ ನೀರು ಮುಟ್ಟಿ, ನನ್ನದಲ್ಲ ಎಂದರು. ನನ್ನದಲ್ಲ, ನನ್ನದಲ್ಲ, ನನ್ನದಲ್ಲ. ಕೊನೆಗೆ ಯಜಮಾನನೂ ಅಂದ. ಕೆರೆಯಂಗಳದಲ್ಲಿ ಆ ಮಾತು ಎಂದೂ ಕೇಳಿರಲಿಲ್ಲ. ದಡದ ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದು ಹೋದವು.

ಹೊಸ ಕೂಲಿಯವರು ಬಂದು ಗುದ್ದಲಿ ಹಾಕಿದರು. ಹೂಳು ಏಳಲಿಲ್ಲ. ಒಡೆಯನಿದ್ದಾಗ ಒಬ್ಬನ ಕೈಗಾದರೂ ಏಳುತ್ತಿತ್ತು, ಈಗ ಯಾರ ಕೈಗೂ ಇಲ್ಲ. ಅದೇ ಸಂಜೆ ಗುಡ್ಡದ ಮೇಲಿನ ಬಿಳಿ ಮನೆಗಳಲ್ಲಿ ಸಣ್ಣ ಸಣ್ಣ ಸದ್ದು ಶುರುವಾಯಿತಂತೆ. ಗೋಡೆಯ ಬುಡದಲ್ಲಿ ಯಾರೋ ಗಂಟುಮೂಟೆ ಕಟ್ಟುತ್ತಿರುವಂಥ ಸದ್ದು. ಸಿಮೆಂಟಿನ ಅಂಗಳಗಳು ಬಿರುಕು ಬಿಟ್ಟವು. ಇಲಿ ಇರಬೇಕು ಎಂದುಕೊಂಡು ಅವರು ಪಾಷಾಣ ಇಟ್ಟರು.

ಆಮೇಲೆ ದೊಡ್ಡ ಮಳೆ ಬಂತು.

ಮಧ್ಯಾಹ್ನದ ಊಟದ ಹೊತ್ತಿಗೆ ಕತ್ತಲಾಯಿತು. ಹನಿ ಬೀಳಲಿಲ್ಲ, ಮಳೆ ಇಡಿಯಾಗಿ ಇಳಿಯಿತು. ನೀರುಗಂಟಿ ಹಾರೆ ಹಿಡಿದು ಏರಿ ಹತ್ತಿದಳು. ಹಳ್ಳ ಗುಡ್ಡದಿಂದ ಕೂಗುತ್ತ ಬರುತ್ತಿತ್ತು. ನನ್ನದಲ್ಲ ಎನಿಸಿಕೊಂಡ ಮಣ್ಣೆಲ್ಲ ಹೊರಟಿತ್ತು. ಅಂಗಳದ ಮಣ್ಣು, ಗೋಡೆಯ ಬುಡದ ಮಣ್ಣು, ಗಿಡದ ಬೇರಿನ ಮಣ್ಣು, ಒಡೆಯರೇ ಬೇಡವೆಂದ ಮೇಲೆ ನಿಲ್ಲಲು ಅದಕ್ಕೇನು ಹಂಗು? ನಾವು ನಮ್ಮ ಅಂಗಳದ ಮಣ್ಣನ್ನು ಚೀಲಕ್ಕೆ ತುಂಬಿ ತಂದು ಏರಿಯ ಮೇಲೆ ಪೇರಿಸಿದೆವು. ನಾವು ಒಂದು ಸಾಲು ಪೇರಿಸುವಷ್ಟರಲ್ಲಿ ನೀರು ಒಂದು ಗೇಣು ಮೇಲೆ ಬರುತ್ತಿತ್ತು.

ನೀರುಗಂಟಿ ತೂಬಿನ ಕಲ್ಲುಮೆಟ್ಟಿಲಿಳಿದು ಎದೆಮಟ್ಟ ನೀರಲ್ಲಿ ನಿಂತಳು. ಮುಳುಗಿ ಬಿರಡೆಗೆ ಕೈ ಹಾಕಿದಳು. ಬಿರಡೆಯ ಮೇಲೆ ಹೂಳು ಕೂತಿತ್ತು. ಹಾರೆಯಿಂದ ಚುಚ್ಚಿದರೆ ಹಾರೆಯೇ ಬಾಗಿತು. ಮತ್ತೆ ಮುಳುಗಿದಳು, ಉಗುರಿಗೆ ಮೆತ್ತಿದ್ದನ್ನು ಮೇಲೆ ತಂದು ಮಂಕು ಬೆಳಕಿಗೆ ಹಿಡಿದಳು. ಕೆಂಪಗಿತ್ತು.

'ನೆತ್ತಿ ಮಣ್ಣು' ಎಂದು ಕೂಗಿದಳು. 'ಅಣ್ಣನ ಮನೆ ಅಡೀದು. ಅಣ್ಣನ್ನ ಕರೀರಿ!'

ಡಂಗುರ ಸಾರುವವನು ಕಂಬಳಿ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ ಓಡಿದ. ಅವನು ಆಮೇಲೆ ಹೇಳಿದ್ದು: ಯಜಮಾನ ಜಗಲಿಯ ಮೇಲೆ ನಿಂತಿದ್ದ. ಹೊಸ್ತಿಲ ಕೆಳಗಿನಿಂದ ಕೆಂಪು ನೀರು ದಾರದ ಎಳೆಯಂತೆ ಹೊರಟು ಮೆಟ್ಟಿಲಿಳಿಯುತ್ತಿತ್ತು. ಅವನು ಅದನ್ನು ಕಾಲಿನಿಂದ ಅಡ್ಡಗಟ್ಟುತ್ತಿದ್ದ. 'ನಾನ್ಯಾಕೆ ಬರ್ಲಿ? ಊರ ಮುಂದೆ ನನ್ನದಲ್ಲ ಅಂದಾಗೈತೆ' ಎಂದ. ಆಗ ಒಳಗಿನಿಂದ ಅವನ ಹೆಂಡತಿ ಬಂದಳು. 'ಅಂದಿದ್ದು ಬಾಯಿ. ಅಲ್ಲಿ ನಿಂತಿರೋಳು ನಿಮ್ಮ ತಂಗಿ. ನೀವು ಹೋಗ್ದಿದ್ರೆ ಅವಳು ಏರಿ ಬಿಟ್ಟು ಬರೋಳಲ್ಲ. ಹೋಗ್ರೀ!' ಎಂದು ಕೂಗಿದಳು.

ಅವನು ಬಂದ. ಜಾರಿ, ಬಿದ್ದು, ಎದ್ದು, ಮೈಯೆಲ್ಲ ಕೆಸರಾಗಿ ಬಂದ. ನೀರು ಏರಿಯ ಅಂಚಿಗಿಂತ ಗೇಣಿನಷ್ಟು ಕೆಳಗಿತ್ತು. ಏರಿಯ ಹೊರಮಗ್ಗುಲಲ್ಲಿ ಆಗಲೇ ಒಂದು ಕಡೆ ನೀರು ಜಿನುಗಲು ಹತ್ತಿ, ನಮ್ಮ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಕೇರಿ ಬಿಟ್ಟು ಹೊರಟಿದ್ದರು. ಯಜಮಾನ ಮೆಟ್ಟಿಲಿಳಿದು ತಂಗಿಯ ಪಕ್ಕದಲ್ಲಿ ನಿಂತ. ಅಣ್ಣ ತಂಗಿ ಒಂದೇ ನೀರಲ್ಲಿ ಕುತ್ತಿಗೆಯವರೆಗೆ ನಿಂತದ್ದನ್ನು ನಾವು ಅಂದೇ ನೋಡಿದ್ದು.

ಅವನು ಮುಳುಗಿ ಕೈ ಇಳಿಸಿದ. ಮೇಲೆ ಬಂದು 'ನನ್ನದು' ಎಂದ.

ಅಲುಗಲಿಲ್ಲ.

'ನನ್ನದು!' ಮತ್ತೆ ಮುಳುಗಿದ. 'ನನ್ನದು! ನನ್ನದು ಕಣೇ!' ಊರಿಗೆ ಊರೇ ಕೇಳುವಂತೆ ಕಿರುಚಿದ. ಹೂಳು ಕಲ್ಲಾಗಿ ಕೂತಿತ್ತು. ಅವನ ಉಗುರುಗಳಿಂದ ರಕ್ತ ಬರುತ್ತಿತ್ತು.

'ಅವತ್ತು ಅಲ್ಲ ಅಂದ್ಯಲ್ಲ ಅಣ್ಣ, ಮುನಿಸ್ಕೊಂಡೈತೆ' ಎಂದಳು ತಂಗಿ. ಅವಳ ಹಲ್ಲು ಕಟಕಟನೆ ಅದುರುತ್ತಿತ್ತು. 'ಇನ್ನೊಂದ್ಸಲ ಅನ್ನು. ಬಿಡಬ್ಯಾಡ.'

ಅವನು ಅನ್ನಲಿಲ್ಲ. ಉಗುರಿಗೆ ಮೆತ್ತಿದ ಕೆಮ್ಮಣ್ಣನ್ನು ನೋಡಿದ. ಮಳೆ ಅವನ ಮುಖದ ಕೆಸರನ್ನು ತೊಳೆಯುತ್ತಿತ್ತು. ನೀರು ಅವನ ಗಲ್ಲ ಮುಟ್ಟಿತು. ಮಾತಾಡೋ, ಮಾತಾಡೋ ಎಂದು ನಾವು ಏರಿಯ ಮೇಲಿನಿಂದ ಬೊಬ್ಬೆ ಹೊಡೆದೆವು. ಅವನು ನಮ್ಮ ಕಡೆ ನೋಡಲಿಲ್ಲ.

'ತಂಗಿ' ಎಂದ, 'ಇದು ನನ್ನ ಮಾತು ಕೇಳಾಕಿಲ್ಲ. ಇದು ನಿಂದು.'

'ಹೊತ್ತಲ್ಲದ ಹೊತ್ತಲ್ಲಿ ಏನ್ ಮಾತಣ್ಣ ಇದು? ನಾ ಬಿಟ್ಟುಕೊಟ್ಟಾಗಿತ್ತಲ್ಲ.'

'ನೀ ಕೊಡ್ಲಿಲ್ಲ ಕಣವ್ವ. ನಾ ತಗೊಂಡೆ.'

ಅವಳು ಅವನ ಮುಖವನ್ನು ನೋಡಿದಳು. ಈಗ ಅವಳು ಅನ್ನಬೇಕಾದ ಮಾತು ಒಂದೇ. ಅದು ಅವಳ ಬಾಯಿಗೆ ಬರಲಿಲ್ಲ. ಮಣ್ಣು ಕರೆಯುವ ದಿನ ಗಂಡನ ಮನೆಯ ಮಣ್ಣನ್ನು ಮನಸ್ಸಿನಲ್ಲಿ ಗಂಡನ ಹೆಸರು ಹಿಡಿದೇ 'ನನ್ನದು' ಎಂದು ಎತ್ತುತ್ತಿದ್ದವಳು ಅವಳು. ತವರಲ್ಲಿ ಅಪ್ಪನದು, ಅಣ್ಣನದು. ಇಲ್ಲಿ ಗಂಡನದು, ಊರಿನದು. ಬಾಯಿ ತೆರೆದಳು, ನೀರು ನುಗ್ಗಿತು, ಕೆಮ್ಮಿದಳು. ಏರಿಯ ಮೇಲಿನ ಚೀಲಗಳಲ್ಲಿ ಒಂದು ಜಾರಿ ಹೊರಗೆ ಬಿತ್ತು. ಅದು ಬಿದ್ದ ಜಾಗದಲ್ಲಿ ನೀರು ಏರಿಯ ಮೇಲೆ ಮೊದಲ ಸಲ ನಾಲಿಗೆ ಚಾಚಿತು.

ಅವಳು ಮುಳುಗಿದಳು. ನೀರಿನೊಳಗೆ ಅಂದಳೋ, ಮನಸ್ಸಿನಲ್ಲಿ ಅಂದಳೋ ನಮಗೆ ಕೇಳಿಸಲಿಲ್ಲ. ಕೆಂಪು ಮೋಡದಂತೆ ಏನೋ ನೀರಿನೊಳಗಿನಿಂದ ಎದ್ದು ಅವಳ ಸುತ್ತ ಹರಡಿತು. ಅವಳು ಮೇಲೆ ಬಂದು ಎರಡೂ ಕೈಯಲ್ಲಿ ಮಣ್ಣು ಹಿಡಿದು, 'ನಂದು' ಎಂದಳು, ಈ ಸಲ ಗಟ್ಟಿಯಾಗಿ. ದನಿ ಒಡೆದಿತ್ತು. ಅಳುತ್ತಿದ್ದಳು ಎಂದೇ ನನಗೆ ಅನ್ನಿಸಿತು, ಮಳೆಯಲ್ಲಿ ಹೇಗೆ ಗೊತ್ತಾಗಬೇಕು?

ಅಣ್ಣ ಮುಳುಗಿ ಬಿರಡೆಗೆ ಕೈ ಹಾಕಿ ಕಿತ್ತ. ಏರಿಯ ಅಡಿಯಲ್ಲಿ ಗುಡುಗಿದಂತಾಯಿತು. ತೂಬಿನ ಬಾಯಿಂದ ನೀರು ಗದ್ದೆಗಳ ಕಡೆ ನುಗ್ಗಿತು. ನಮ್ಮ ಗದ್ದೆಯ ಪೈರೆಲ್ಲ ಮಲಗಿತು, ಒಂದು ವರ್ಷದ ಅನ್ನ ಹೋಯಿತು. ಹೋಗಲಿ, ಏರಿ ನಿಂತಿತು. ಕೆಳಗೇರಿ ನಿಂತಿತು.

ಬೆಳಗಾದಾಗ ಮಳೆ ಬಿಟ್ಟಿತ್ತು. ಗುಡ್ಡದ ಕಡೆ ನೋಡಿದರೆ ಬಿಳಿ ಮನೆಗಳ ಬುಡಗಳೆಲ್ಲ ವಸಡು ಸವೆದ ಹಲ್ಲಿನಂತೆ ಹೊರಗೆ ಕಾಣುತ್ತಿದ್ದವು. ಮೇಲಿನವರು ಚಪ್ಪಲಿ ಬಿಟ್ಟು ಇಳಿದು ಬಂದರು, ತೂಬಿನ ಪಕ್ಕದ ಕೆಸರಿನಲ್ಲಿ ಕೂತು ಕೈ ಇಳಿಸಿ, ನನ್ನದು ಎಂದು ಮೆಲ್ಲಗೆ ಅಂದು ನೋಡಿದರು. ಮಣ್ಣು ಏಳಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಾನು ಗೊಣಗಿದೆ. ಆದರೂ ಅವರು ಎದ್ದು ಹೋಗಲಿಲ್ಲ, ಕೂತೇ ಇದ್ದರು. ಅಷ್ಟನ್ನು ಒಪ್ಪಿಕೊಳ್ಳಬೇಕು.

ನೀರುಗಂಟಿ ಮಂಕರಿಯ ತುಂಬ ಕೆಮ್ಮಣ್ಣು ತುಂಬಿ, ತಲೆಗೆ ಸಿಂಬಿ ಇಟ್ಟು, ಗುಡ್ಡ ಹತ್ತಿದಳು. ಅಣ್ಣ ಹಿಂದೆ ಹಿಂದೆ ನಡೆದ. ಅವಳು ಎಲ್ಲಿ ಸುರಿಯುತ್ತಾಳೆ ಎಂದು ನೋಡಲು ನಾವೂ ಹೋದೆವು. ನೆತ್ತಿಯ ಮನೆಯ ಅರ್ಧ ಬುಡ ಖಾಲಿಯಾಗಿತ್ತು. ಹೊಸ್ತಿಲು ಗಾಳಿಯಲ್ಲಿ ತೂಗುತ್ತಿತ್ತು. ಹೊಸ್ತಿಲ ಮೇಲೆ ಯಜಮಾನನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

'ಕೈ ಕೊಡು ಅತ್ತಿಗೆ, ಈಚೆ ಬಾ' ಎಂದಳು ನೀರುಗಂಟಿ. ಒಂದು ಕೈಯಲ್ಲಿ ಮಂಕರಿ ಹಿಡಿದು, ಇನ್ನೊಂದರಲ್ಲಿ ಅವಳನ್ನು ಇಳಿಸಿಕೊಂಡಳು.

ಆಮೇಲೆ ಮನೆಯ ಬುಡದ ಕುಳಿಯನ್ನು ಒಮ್ಮೆ ನೋಡಿದಳು. ಅಲ್ಲಿಗೆ ಹೋಗಲಿಲ್ಲ. ಮನೆಯ ಕೆಳಗಡೆ, ನೀರು ಕೊರೆದುಕೊಂಡು ಹೋದ ದಾರಿಗೆ ಅಡ್ಡಲಾಗಿ, ಮಂಕರಿ ಬೋರಲು ಹಾಕಿ ಸುರಿದಳು. ಕಾಲಲ್ಲಿ ತುಳಿದು ಬದು ಮಾಡಿದಳು.

ಅಣ್ಣನಿಗೆ ತಡೆಯಲಾಗಲಿಲ್ಲ. 'ಇನ್ನೊಂದು ಮಳೆ ಬಂದ್ರೆ ಇದು ಹೊರಟೋಗ್ತದೆ ತಂಗಿ. ಮನೆ ಬುಡಕ್ಕೆ ಹಾಕು. ಮನೆ?'

ಅವಳು ಸಿಂಬಿ ಕೊಡವಿ ಮತ್ತೆ ತಲೆಗೆ ಇಟ್ಟುಕೊಂಡಳು. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

'ಮನೆ ನಿಂದು ಅಣ್ಣ. ಮಣ್ಣು ನಂದು.'

ಮುಂದಿನ ಮಂಕರಿಗೆಂದು ಅವಳು ಇಳಿದು ಹೋದಳು. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಯಜಮಾನ ಹಿತ್ತಲಿಗೆ ಹೋಗಿ ಏಣಿ ತಂದು ಸೂರಿಗೆ ಒರಗಿಸಿ, ಮೇಲೆ ಹತ್ತಿ, ತನ್ನ ಮನೆಯ ಹೆಂಚುಗಳನ್ನು ಒಂದೊಂದಾಗಿ ತೆಗೆದು ಕೆಳಗೆ ನಿಂತ ಹೆಂಡತಿಯ ಕೈಗೆ ಕೊಡತೊಡಗಿದ.